ಮಂಟಪದ ಎಸಿ: ಸ್ಟೇಜ್ ಹತ್ರ ಚಳಿ, ಹಿಂದಿನ ಸಾಲಲ್ಲಿ ಬೆವರು. ತಪ್ಪು ಮೆಷಿನ್ದಾ, ಡಕ್ಟ್‌ದಾ?

ಮಂಟಪ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಮೂರು ಜನ ಬಂದು ನೋಡಿ ಮೂರು ಥರ ಹೇಳಿ ಹೋಗಿದ್ದಾರೆ, ಯಾರ ಮಾತು ನಂಬೋದು ಗೊತ್ತಾಗ್ದೆ ನಮ್ಮ ತಂದೆ ನಿದ್ದೆಗೆಟ್ಟು ಕೂತಿದ್ದಾರೆ.

ನಮ್ದು ದಾವಣಗೆರೆಲಿ ಕಲ್ಯಾಣ ಮಂಟಪ. ಊಟದ ಹಾಲ್ ಕೆಳಗೆ, ಮದುವೆ ಹಾಲ್ ಮೇಲ್ಗಡೆ. ಮೇಲಿನ ಹಾಲ್ 70 ಅಡಿ ಉದ್ದ, 45 ಅಡಿ ಅಗಲ, 350 ಚೇರ್ ಹಾಕ್ತೀವಿ. ಎರಡು ವರ್ಷದ ಹಿಂದೆ ಡಕ್ಟಬಲ್ ಎಸಿ (ತಂಪು ಗಾಳಿನ ತಗಡಿನ ಕೊಳವೆ, ಅಂದ್ರೆ ಡಕ್ಟ್ ಮೂಲಕ ಹಂಚೋದು) ಹಾಕ್ಸಿದ್ವಿ, 11 ಟನ್ನಿಂದು ಮೂರು. ಮೂರೂ ಮೆಷಿನ್ ಸ್ಟೇಜ್ ಹಿಂದಿನ ರೂಮಲ್ಲಿದೆ, ಔಟ್‌ಡೋರ್ ಯೂನಿಟ್ ಟೆರೇಸ್ ಮೇಲೆ. ಅಲ್ಲಿಂದ ಫಾಲ್ಸ್ ಸೀಲಿಂಗ್ ಮೇಲ್ಗಡೆ ಮೂರು ಡಕ್ಟ್ ಹಾಲ್ ಉದ್ದಕ್ಕೂ ಹೋಗಿದೆ, ಒಂದೊಂದಕ್ಕೂ ಆರು ಚೌಕದ ಡಿಫ್ಯೂಸರ್, ಅಂದ್ರೆ ಹಾಲಿಗೆ ಗಾಳಿ ಬಿಡೋ ಬಾಯಿ. ಗಾಳಿ ವಾಪಸ್ ಹೋಗೋಕೆ ಸ್ಟೇಜಿನ ಹಿಂದಿನ ಗೋಡೆಲಿ ಮೂರು ಗ್ರಿಲ್ ಇಟ್ಟಿದ್ದಾರೆ, ಒಂದೊಂದು 4 ಅಡಿ ಅಗಲ 2 ಅಡಿ ಎತ್ತರ.

ತೊಂದರೆ ಏನಂದ್ರೆ ಮುಂದಿನ ಮೂರು ಸಾಲಲ್ಲಿ ಕೂತ ಹೆಂಗಸ್ರು ಸೆರಗು ಹೊದ್ಕೊಂಡು ಕೂರ್ತಾರೆ, ಹಿಂದಿನ ಸಾಲಿನವ್ರು ಲಗ್ನಪತ್ರಿಕೆಲಿ ಗಾಳಿ ಬೀಸ್ಕೊಳ್ತಾರೆ. ಬೀಗರು ಬಂದು ಕೇಳಿದ್ರೆ ತಲೆ ಎತ್ತೋಕಾಗಲ್ಲ. ಇನ್ನೂ ವಿಚಿತ್ರ ಅಂದ್ರೆ ಇದು ದಿನಾ ಆಗಲ್ಲ. ಹೋದ ತಿಂಗಳು ಒಂದು ಉಪನಯನ ಆಯ್ತು, ಒಂದು ಸೊಸೈಟಿ ಮೀಟಿಂಗ್ ಆಯ್ತು, ಹಾಲ್ ತುಂಬಾ ಜನ, ಕೊನೆ ಚೇರ್ ತನಕ ಚೆನ್ನಾಗಿತ್ತು. ಅದೇ ದೊಡ್ಡ ಮದುವೆ ಬಂತೂ ಅಂದ್ರೆ ಕೆಡುತ್ತೆ. ಅಂಥ ದಿನ ಮೆಷಿನ್ ರೂಮಿನ ತಾಮ್ರದ ಪೈಪ್ ಮೇಲೆ ಬಿಳಿ ಐಸ್ ಕಟ್ಕೊಂಡಿರುತ್ತೆ. ಜೊತೆಗೆ ಸೀಲಿಂಗಲ್ಲಿ ಎರಡು ಕಡೆ ನೀರು ತೊಟ್ಟಿಕ್ಕಿ ಕಾರ್ಪೆಟ್ ಕಲೆ ಆಗಿದೆ, ಮೆಷಿನ್ ಆನ್ ಮಾಡಿದ ತಕ್ಷಣ ಮೇಲೆ ಯಾರೋ ತಗಡಿಗೆ ಗುದ್ದಿದಂಗೆ ಡಬ್ ಅನ್ನುತ್ತೆ, ಆಮೇಲೆ ಮೊದಲನೇ ಡಿಫ್ಯೂಸರ್ ಹತ್ರ ಬುಸ್ ಅಂತ ಒಂದೇ ಸಮ ಸದ್ದು.

ಮೊದಲನೆಯವರು ಟನ್ ಸಾಲಲ್ಲ, ಇನ್ನೊಂದು 11 ಟನ್ ಹಾಕಿ ಅಂದ್ರು, ಐದು ಲಕ್ಷದ ಮೇಲೆ ಕೊಟೇಶನ್. ಎರಡನೆಯವರು ಐಸ್ ನೋಡಿ ಗ್ಯಾಸ್ ಕಮ್ಮಿ ಇದೆ ಅಂದ್ರು, ಹಾಕ್ಸಿದ್ವಿ, ಏನೂ ಬದಲಾಗ್ಲಿಲ್ಲ. ಮೂರನೆಯವರಿಗೆ ಡಕ್ಟ್ ಒಂದ್ಸಲ ನೋಡ್ರಿ ಅಂದ್ರೆ, ಡಕ್ಟ್ ಅಂದ್ರೆ ಬರೀ ತಗಡಿನ ಪೈಪು, ಅದ್ರಲ್ಲಿ ಕೆಡೋಕೆ ಏನಿದೆ ಅಂದು ಹೋದ್ರು.

ನನ್ನ ಪ್ರಶ್ನೆ ಇಷ್ಟೇ. ಡಕ್ಟ್‌ದು ನಿಜವಾಗ್ಲೂ ಏನು ಕೆಲಸ? ತಪ್ಪು ಮೆಷಿನ್ದೋ ಡಕ್ಟ್‌ದೋ ಅಂತ ಇನ್ನೊಂದು ಮೆಷಿನ್ ತಗೊಳ್ಳೋ ಮುಂಚೆ ನಾವೇ ಕಂಡುಹಿಡಿಯೋಕೆ ದಾರಿ ಇದೆಯಾ?

ತಗಡು_ಹುಬ್ಬಳ್ಳಿ

ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಂವ, 22 ವರ್ಷ ಆತು ಡಕ್ಟ್ ಮಾಡಾಕತ್ತು. ಜಿಐ ಶೀಟ್ (ಸತುವಿನ ಲೇಪದ ತಗಡು) ಕತ್ತರಿಸಿ, ಮಡಚಿ, ಮ್ಯಾಲ ಏರಿಸೋದ ನಮ್ಮ ದಂಧೆ. ಬರೇ ತಗಡಿನ ಪೈಪು ಅಂದಾರಲ್ಲ, ಆ ಮಾತು ಓದಿ ಭಾಳ ಬ್ಯಾಸರಾತು.

ನಿಮ್ಮ ಕಡೆ ಭದ್ರಾ ನಾಲಿ ಐತೆಲ್ರೀ, ಕೊನೀ ಭಾಗದ ರೈತ್ರಿಗೆ ನೀರ ಮುಟ್ಟಲಿಲ್ಲ ಅಂತ ಗದ್ದಲ ಆಗತದ ನೋಡ್ರಿ, ನಿಮ್ಮ ಹಿಂದಿನ ಸಾಲಿನ ಕತಿನೂ ಅದ. ಡ್ಯಾಮಿನ್ಯಾಗ ನೀರ ಇದ್ರ ಏನಾತು, ಮ್ಯಾಲಿನಾವ್ರು ತೂಬು ಪೂರಾ ತಗದು ಕುಂತ್ರ ಕೆಳಗಿನಾವ್ರಿಗೆ ಏನು ಉಳೀತದ? ಮೆಷಿನ್ ಅಂದ್ರ ಡ್ಯಾಮು, ಡಕ್ಟ್ ಅಂದ್ರ ನಾಲಿ, ಡಿಫ್ಯೂಸರ್ ಮ್ಯಾಲ ಡಕ್ಟಿಗೆ ಕೂಡಿಸೋ ಕಾಲರ್‌ನ್ಯಾಗ ಡ್ಯಾಂಪರ್ ಅಂತ ಒಂದು ತಗಡಿನ ರೆಕ್ಕಿ ಇರಬೇಕು, ಅದು ತೂಬು. ಮೊದಲನೇ ಡಿಫ್ಯೂಸರ್‌ದು ಅರ್ಧ ಮುಚ್ಚಬೇಕು, ಎರಡನೇದು ಒಂಚೂರು ಕಮ್ಮಿ, ಕೊನೀದು ಪೂರಾ ತಗೀಬೇಕು. ಇದಕ್ಕ ಬ್ಯಾಲೆನ್ಸಿಂಗ್ ಅಂತೀವಿ. ಭಾಳ ಮಂದಿ ಡಕ್ಟ್ ಏರಿಸಿ, ಸೀಲಿಂಗ್ ಮುಚ್ಚಿ, ಬಿಲ್ ತಗೊಂಡು ಹೋಗಿಬಿಡತಾರ, ಈ ಕೆಲಸ ಮಾಡಂಗೇ ಇಲ್ಲ. ಮತ್ತ ಡಕ್ಟ್ ಮುಂದ ಹೋದಂಗ ಸಣ್ಣ ಆಗ್ತಾ ಹೋಗಬೇಕು, ಯಾಕಂದ್ರ ಒಂದೊಂದು ಡಿಫ್ಯೂಸರ್ ದಾಟಿದಂಗ ಗಾಳಿ ಕಮ್ಮಿ ಆಕ್ಕೋತ ಹೋಗತದ.

ನೀವು ನೋಡಬೇಕಾದ್ದು ಹೇಳತೀನಿ. ಡಿಫ್ಯೂಸರ್ ಬಿಚ್ಚಿ ಮ್ಯಾಲ ಕೈ ಹಾಕ್ರಿ, ರೆಕ್ಕಿ ಸಿಗತೈತೇನು? ಊದಿನಕಡ್ಡಿ ಹಚ್ಚಿ ಡಕ್ಟ್ ಜೋಡಣಿ ಹತ್ರ ಹಿಡೀರಿ, ಹೊಗಿ ಅಲ್ಲಾಡಿದ್ರ ಅಲ್ಲಿ ಸೋರಾಕತ್ತೈತಿ ಅಂತ. ಡಬ್ ಅನ್ನೋದು ತಗಡು ತೆಳ್ಳಗಾಗಿದ್ದಕ್ಕ. ಗೇಜ್ ನಂಬರ್ ಹೆಚ್ಚಾದಂಗ ತಗಡು ತೆಳು, 24 ಹಾಕೋ ಕಡೆ 26 ಹಾಕಿರ್ತಾರ, ಶೀಟ್ ಮ್ಯಾಲ ಗುಣಾಕಾರ ಚಿಹ್ನಿ ಹಂಗ ಮಡತಿ ಹೊಡದಿರಂಗಿಲ್ಲ, ಗಾಳಿ ಒತ್ತಿದ ಕೂಡ್ಲೆ ಉಬ್ಬಿ ಸದ್ದು ಬರತದ. ಮೆಷಿನ್ ಮತ್ತ ಡಕ್ಟ್ ನಡಕ ಕ್ಯಾನ್ವಾಸ್ ಬಟ್ಟಿ ಹಾಕ್ಯಾರೋ ಇಲ್ಲೋ ಅದೂ ನೋಡ್ರಿ, ಇಲ್ಲಂದ್ರ ಮೆಷಿನ್ ನಡುಗಿದ್ದೆಲ್ಲ ಡಕ್ಟಿಗೆ ಬರತದ.

ಇನ್ನೊಂದು. ವಾಪಸ್ ಗ್ರಿಲ್ ಸ್ಟೇಜ್ ಹತ್ರ ಇಟ್ಟಾರ ಅಂತೀರಿ, ಅದಕ್ಕ ತಂಪೆಲ್ಲ ಮುಂದ ಎಳಕೊಳ್ಳಾಕತ್ತೈತಿ ಅಂತ ನನಗ ಅನಸತದ. ಗ್ರಿಲ್ ಹಿಂದಿನ ಗ್ವಾಡಿಗೆ ಒಯ್ದ್ರ ತಂಪು ಹಿಂದಕ್ಕ ಬರತದ.

ಕುಡ್ಲದ_ಕ್ಲಿನಿಕ್

ನೀರು ತೊಟ್ಟಿಕ್ಕುವುದರ ಬಗ್ಗೆ ಮಾತ್ರ ಹೇಳುತ್ತೇನೆ, ಅದರಲ್ಲಿ ನಾವು ಬೆಂದು ಹೋಗಿದ್ದೇವೆ ಮಾರಾಯ್ರೇ. ಮಂಗಳೂರಲ್ಲಿ ನಮ್ಮದು ಸಣ್ಣ ಡೆಂಟಲ್ ಕ್ಲಿನಿಕ್, ಒಂದೇ ಡಕ್ಟ್. ಜೂನ್ ಬಂದ ಕೂಡಲೇ ಸೀಲಿಂಗ್ ಮೇಲೆ ಕಪ್ಪು ಬೂಷ್ಟು. ಎಸಿ ಲೀಕ್ ಅಂತ ಎರಡು ಸಲ ಡ್ರೈನ್ ಪೈಪ್ ಬದಲಾಯಿಸಿದ್ದೆವು, ನೋಡಿದರೆ ನೀರು ಮೆಷಿನ್‌ದಲ್ಲವೇ ಅಲ್ಲ.

ಡಕ್ಟ್ ಒಳಗಿನ ಗಾಳಿ 13, 14 ಡಿಗ್ರಿ ಉಂಟಲ್ಲ, ಆ ತಗಡಿಗೆ ಹೊರಗಿನ ಹಸಿ ಗಾಳಿ ತಾಗಿದರೆ ಐಸ್ ನೀರಿನ ಲೋಟದ ಹೊರಗೆ ಹನಿ ಕೂತ ಹಾಗೆ ಹನಿ ಕೂರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ 23, 24 ಡಿಗ್ರಿ ಇರುವ ವಸ್ತುವಿನ ಮೇಲೂ ಹನಿ ಕಟ್ಟುವಷ್ಟು ಹಸಿ. ಅದಕ್ಕೇ ಡಕ್ಟಿಗೆ ಮೈತುಂಬ ಕಪ್ಪು ರಬ್ಬರ್ ಶೀಟ್ ಸುತ್ತುವುದು, ನೈಟ್ರೈಲ್ ಅಂತಾರೆ. ಆದರೆ ಮೈತುಂಬ ಅಂದರೆ ಮೈತುಂಬವೇ ಆಗಬೇಕು. ನಮ್ಮಲ್ಲಿ ಬಾಕಿ ಎಲ್ಲಾ ಸುತ್ತಿ, ಎರಡು ತುಂಡು ಡಕ್ಟ್ ಸೇರುವ ಫ್ಲ್ಯಾಂಜ್ ಮಾತ್ರ ಬಿಟ್ಟಿದ್ದರು, ಅಷ್ಟೇ ಜಾಗದಿಂದ ದಿನಕ್ಕೆ ಒಂದು ಬಕೆಟ್! ರಬ್ಬರ್ ಸುತ್ತುವ ಮೊದಲು ಡಕ್ಟಿಗೆ ಗ್ಲಾಸ್‌ವೂಲ್, ಗಾಜಿನ ಹತ್ತಿ, ಇತ್ತು, ಅದರ ಮೇಲಿನ ಫಾಯಿಲ್ ಹರಿದು ಒಳಗೆ ಹಸಿ ಹೋಗಿ ಪೂರಾ ಒದ್ದೆ ಹತ್ತಿ ಆಗಿತ್ತು, ಒದ್ದೆ ಆದ ಮೇಲೆ ಅದು ತಡೆಯುವುದೇ ಇಲ್ಲ.

ದಾವಣಗೆರೆ ಒಣ ಊರು, ಹನಿ ಎಲ್ಲಿಂದ ಅಂತ ಕೇಳಬೇಡಿ. ನಿಮ್ಮ ಊಟದ ಹಾಲ್ ಕೆಳಗೆ ಅಂದಿರಲ್ಲ. ಅನ್ನ ಸಾರಿನ ಹಬೆ ಮೆಟ್ಟಿಲ ಮೇಲೆ ಬಂದರೆ, ಮೇಲೆ 350 ಜನರ ಉಸಿರು ಬೆವರು ಸೇರಿದರೆ, ನಿಮ್ಮ ಹಾಲಲ್ಲೇ ಒಂದು ಮಂಗಳೂರು ತಯಾರಾಯಿತು. ಹನಿ ಬೀಳುವ ಕಡೆ ಸೀಲಿಂಗ್ ಟೈಲ್ ಎತ್ತಿ ನೋಡಿ, ರಬ್ಬರ್ ಕತ್ತರಿಸಿದ್ದೋ ಬಿಟ್ಟುಕೊಂಡದ್ದೋ ಸಿಕ್ಕಿಯೇ ಸಿಗುತ್ತದೆ.

ಗಾಳಿ_ಲೆಕ್ಕ_ಶಾರ್ಜಾ

ನಾನು ಮೂಲ ಶಿವಮೊಗ್ಗದವನು, ಶಾರ್ಜಾದಲ್ಲಿ 14 ವರ್ಷದಿಂದ ಇದೇ ಎಸಿ, ಡಕ್ಟ್, ಅಂದ್ರೆ ಎಚ್‌ವಿಎಸಿ ಕೆಲಸ. ಇಲ್ಲಿ ಮನೆ, ಮಸೀದಿ, ಮಾಲ್ ಎಲ್ಲಾ ಡಕ್ಟೇ, ಅದಕ್ಕೆ ಈ ಥರ ದೂರು ನೂರಾರು ನೋಡಿದ್ದೀನಿ. ಹುಬ್ಬಳ್ಳಿಯವರು ಹೇಳಿದ ಡ್ಯಾಂಪರ್, ಗೇಜ್, ಕ್ಯಾನ್ವಾಸ್ ನೂರಕ್ಕೆ ನೂರು ಸರಿ. ಕೊನೇ ಮಾತಿಗೆ ಮಾತ್ರ ನನ್ನ ತಕರಾರಿದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಲೆಕ್ಕ. ಸುಮ್ನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಬಿಡ್ತಾನೆ. 350 ಜನ ಅಂದ್ರೆ 35 ಕಿಲೋವ್ಯಾಟ್, ಒಂದು ಟನ್ 3.5 ಕಿಲೋವ್ಯಾಟ್, ಅಂದ್ರೆ 10 ಟನ್. ನಿಮ್ಮ ಒಂದು ಮೆಷಿನ್ ಹತ್ತಿರ ಹತ್ತಿರ ಪೂರ್ತಿ ಜನರ ಮೈ ಬಿಸಿಗೇ ಹೋಯ್ತು. ಉಳಿದ ಎರಡು ಟೆರೇಸ್ ಬಿಸಿಲು, ಲೈಟು, ವಿಡಿಯೋದವರ ಫೋಕಸ್, ಬಾಗಿಲು ತೆಗೆದು ಹಾಕೋದು, ಹೊರಗಿನ ಹೊಸ ಗಾಳಿ ಇದಕ್ಕೆಲ್ಲ. ಜಾಸ್ತಿ ಮಿಗಲ್ಲ, ಆದ್ರೆ ಉಪನಯನದ ದಿನ ತುಂಬಿದ ಹಾಲ್ ತಂಪಾಗಿತ್ತು ಅಂತ ನೀವೇ ಬರೆದಿದ್ದೀರಿ. ಟನ್ ಸಾಲದೇ ಇದ್ದಿದ್ರೆ ಅವತ್ತೂ ಕೆಡಬೇಕಿತ್ತು. ಮೆಷಿನ್ ಅದೇ, ಜನ ಅಷ್ಟೇ, ಮದುವೆ ದಿನ ಮಾತ್ರ ಏನೋ ಬದಲಾಗ್ತಿದೆ. ಅದನ್ನ ಹಿಡಿದ್ರೆ ಐದು ಲಕ್ಷ ಉಳಿಯುತ್ತೆ.

ಈಗ ಗಾಳಿ ಲೆಕ್ಕ. ಒಂದು ಟನ್‌ಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲ್ (ಮೆಷಿನ್ ಒಳಗೆ ಗಾಳಿನ ತಂಪು ಮಾಡೋ ಪೈಪಿನ ಸುರುಳಿ) ಮೇಲೆ ಓಡಬೇಕು, ಸಿಎಫ್‌ಎಂ ಅಂತೀವಲ್ಲ ಅದು. 11 ಟನ್‌ಗೆ 4400. ಡಕ್ಟ್ ಒಳಗೆ ಗಾಳಿ ನಿಮಿಷಕ್ಕೆ 1200 ಅಡಿ ಆಸುಪಾಸಲ್ಲಿ ಓಡಿದ್ರೆ ಸದ್ದಿಲ್ಲ, ಅದಕ್ಕೆ ಸುಮಾರು 36 ಇಂಚು ಇಂಟು 15 ಇಂಚು ಡಕ್ಟ್ ಬೇಕು. ಬುಸ್ ಅನ್ನೋ ಜಾಗದಲ್ಲಿ ಡಕ್ಟ್ ಅಳತೆ ತಗೊಂಡು ಹಾಕಿ, ಅಲ್ಲಿ ಖಂಡಿತ ಕತ್ತು ಹಿಸುಕಿದ್ದಾರೆ. ಗಾಳಿಯ ಸ್ವಭಾವ ಹೇಗೆ ಅಂದ್ರೆ ಅದೇ ಡಕ್ಟಲ್ಲಿ ಎರಡು ಪಟ್ಟು ಗಾಳಿ ತಳ್ಳಬೇಕಂದ್ರೆ ನಾಲ್ಕು ಪಟ್ಟು ಒತ್ತಡ ಬೇಕು. ಡಕ್ಟಬಲ್ ಮೆಷಿನ್ ಫ್ಯಾನ್‌ಗೆ ಅಷ್ಟೊಂದು ಶಕ್ತಿ ಇರಲ್ಲ. ನೀರು ತುಂಬಿದ ಟ್ಯೂಬಲ್ಲಿ ಅಳೆದ್ರೆ ಒಂದು ಸೆಂಟಿಮೀಟರ್, ಒಂದೂವರೆ ಸೆಂಟಿಮೀಟರ್ ಎತ್ತೋವಷ್ಟು ಒತ್ತಡ, ಅಷ್ಟೇ ಬಂಡವಾಳ. ಒಂದು ಕಡೆ ಬೆಂಡ್ ಮೊಂಡಾಗಿ ತಿರುಗಿಸಿದ್ರೆ, ಒಂದು ಕಡೆ ಫ್ಲೆಕ್ಸಿಬಲ್ ಡಕ್ಟ್ ಮುದುರಿ ಬಿಟ್ರೆ, ಅದು ಅಲ್ಲೇ ಖರ್ಚಾಗಿ ಹೋಗುತ್ತೆ.

ಸೋರಿಕೆ ಬಗ್ಗೆನೂ ಹೇಳ್ಬಿಡ್ತೀನಿ. ಅಮೆರಿಕದ ಸಾಮಾನ್ಯ ಮನೆಗಳಲ್ಲಿ ಡಕ್ಟಲ್ಲಿ ಓಡೋ ಗಾಳಿಲಿ ನೂರಕ್ಕೆ 20ರಿಂದ 30 ಭಾಗ ಸಂದಿಗಳಿಂದ ಸೋರಿ ಹೋಗುತ್ತೆ ಅಂತ ಅಲ್ಲಿನ ಸರ್ಕಾರದ ವಿದ್ಯುತ್ ಉಳಿತಾಯ ಯೋಜನೆ ಎನರ್ಜಿ ಸ್ಟಾರ್‌ನವರೇ ಹೇಳ್ತಾರೆ. ಸಂದಿಗೆ ಬಟ್ಟೆ ಥರದ ಬೂದು ಡಕ್ಟ್ ಟೇಪ್ ಅಂಟಿಸೋಕೆ ಹೋಗಬೇಡಿ, ಹೆಸರು ಡಕ್ಟ್ ಟೇಪ್ ಆದ್ರೂ ಡಕ್ಟಿಗೆ ಅದು ನಿಲ್ಲಲ್ಲ. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬಿನವರು ಬಿಸಿ ತಂಪು ಕೊಟ್ಟು ಪರೀಕ್ಷೆ ಮಾಡಿದಾಗ ಬಿಟ್ಕೊಂಡಿದ್ದು ಅದೇ ಟೇಪು. ಸಂದಿ ಮುಚ್ಚೋ ಸೀಲೆಂಟ್ ಹಚ್ಚಿಸಿ.

ಈಗ ತಕರಾರಿಗೆ ಬರ್ತೀನಿ. ವಾಪಸ್ ಗ್ರಿಲ್ ತಂಪನ್ನ ತನ್ನ ಕಡೆ ಎಳ್ಕೊಳ್ಳುತ್ತೆ ಅನ್ನೋದು ಹೌದು ಅನ್ನಿಸುತ್ತೆ, ಆದ್ರೆ ಹಾಗಾಗಲ್ಲ. ಅಂಗೈ ಒಂದು ಅಡಿ ದೂರ ಹಿಡಿದು ಬಾಯಿಂದ ಊದಿ, ಗಾಳಿ ತಾಗುತ್ತೆ. ಅದೇ ದೂರದಲ್ಲಿ ಹಿಡಿದು ಉಸಿರು ಒಳಗೆ ಎಳೀರಿ, ಏನೂ ಗೊತ್ತಾಗಲ್ಲ. ಎಳೆಯೋ ಗ್ರಿಲ್‌ನ ಪ್ರಭಾವ ಎರಡು ಮೂರು ಅಡಿ ದಾಟಲ್ಲ, ತಂಪು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ಊದೋ ಡಿಫ್ಯೂಸರ್. ಅದಕ್ಕೆ ಗ್ರಿಲ್ ಹಿಂದಕ್ಕೆ ಒಯ್ದ್ರೆ ಹಿಂದಿನ ಸಾಲು ತಂಪಾಗಲ್ಲ.

ಹಾಗಂತ ಗ್ರಿಲ್ ಮುಖ್ಯ ಅಲ್ಲ ಅಂತಲ್ಲ. ಅದು ಮೆಷಿನ್‌ನ ಮೂಗು. ಎಷ್ಟು ಗಾಳಿ ಒಳಗೆ ಬಂತೋ ಅಷ್ಟೇ ಹೊರಗೆ ಹೋಗೋದು. ಹಾಲ್ ನೋಡೋಕೆ ಬಂದವರೆಲ್ಲ ತಲೆ ಎತ್ತಿ ಡಿಫ್ಯೂಸರ್ ನೋಡ್ತಾರೆ, ವಾಪಸ್ ದಾರಿ ಯಾರೂ ನೋಡಲ್ಲ, ನನಗೆ ಈ ಕೆಲಸದಲ್ಲಿ ತುಂಬಾ ಬೇಜಾರಾಗೋ ವಿಷಯ ಇದೇ. ನೀವು ಒಂದು ಪ್ರೋಬ್ ಥರ್ಮಾಮೀಟರ್ ತಗೊಂಡು ಡಿಫ್ಯೂಸರ್ ಬಾಯಲ್ಲೊಂದು, ಗ್ರಿಲ್ ಹತ್ರ ಒಂದು ರೀಡಿಂಗ್ ಬರ್ಕೊಳ್ಳಿ, ಸುಮ್ನಿದ್ದ ದಿನ ಒಮ್ಮೆ, ದೊಡ್ಡ ಮದುವೆ ದಿನ ಒಮ್ಮೆ. ವ್ಯತ್ಯಾಸ 8ರಿಂದ 12 ಡಿಗ್ರಿ ಇದ್ರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಬಂದ್ರೆ ಮೆಷಿನ್‌ಗೆ ಗಾಳಿ ಸಿಗ್ತಿಲ್ಲ ಅಂತ ಅರ್ಥ.

ಮಂಟಪ_ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯ್ತು, ಹೇಳಿದ್ದೆಲ್ಲ ನೋಡಿದ್ವಿ.

ಡಿಫ್ಯೂಸರ್ ಬಿಚ್ಚಿ ಕೈ ಹಾಕಿದ್ರೆ ಹದಿನೆಂಟರಲ್ಲಿ ಒಂದರಲ್ಲೂ ಡ್ಯಾಂಪರ್ ಇಲ್ಲ, ಬರೀ ಖಾಲಿ ಕಾಲರ್. ಬುಸ್ ಅನ್ನೋ ಜಾಗದಲ್ಲಿ ಒಂದು ಆರ್‌ಸಿಸಿ ಬೀಮ್ ಇದೆ, ಅದರ ಕೆಳಗೆ ನುಗ್ಗಿಸೋಕೆ 36 ಇಂಚಿನ ಡಕ್ಟನ್ನ 24 ಇಂಟು 12ಕ್ಕೆ ಇಳಿಸಿ, ದಾಟಿದ ಮೇಲೆ ಮತ್ತೆ ದೊಡ್ಡದು ಮಾಡಿದ್ದಾರೆ, ಮೂರಕ್ಕೂ ಹಂಗೇ. ಹನಿ ಬೀಳೋ ಎರಡೂ ಕಡೆ ರಬ್ಬರ್ ಶೀಟ್ ಕುಯ್ದಿದ್ದಾರೆ, ಒಂದು ಕಡೆ ಡಕ್ಟ್ ನೇತು ಹಾಕೋ ಕಬ್ಬಿಣದ ಆಂಗ್ಲ್ ಕೂರಿಸೋಕೆ, ಇನ್ನೊಂದು ಕಡೆ ಝೂಮರ್ ಲೈಟ್ ವೈರ್ ಎಳೆಯೋಕೆ ಎಲೆಕ್ಟ್ರಿಷಿಯನ್ ಕುಯ್ದಿದ್ದು. ಕ್ಲಿನಿಕ್ ಮೇಡಂ ಹೇಳಿದ್ದು ಕಣ್ಣಿಗೆ ಕಟ್ಟಿದಂಗಿತ್ತು.

ರೀಡಿಂಗ್. ಮಂಗಳವಾರ ಹಾಲ್ ಖಾಲಿ, ಮೂರೂ ಮೆಷಿನ್ ಹಾಕಿದ್ವಿ: ಗ್ರಿಲ್ ಹತ್ರ 25, ಡಿಫ್ಯೂಸರ್ 14. ಭಾನುವಾರ ದೊಡ್ಡ ಮದುವೆ, ಮುಹೂರ್ತ ಮುಗಿಯೋ ಹೊತ್ತಿಗೆ: ಗ್ರಿಲ್ ಹತ್ರ 27, ಡಿಫ್ಯೂಸರ್ 9. ವ್ಯತ್ಯಾಸ 18! ಗಾಳಿ ಕೈಗೆ ಸಿಗೋದೇ ಇಲ್ಲ, ಕೊನೇ ಡಿಫ್ಯೂಸರ್‌ಗೆ ಟಿಶ್ಯೂ ಪೇಪರ್ ಹಿಡಿದ್ರೆ ಅಲ್ಲಾಡ್ಲೇ ಇಲ್ಲ. ಪೈಪ್ ಮೇಲೆ ಐಸ್.

ಅವತ್ತು ಐಸ್ ಫೋಟೋ ತೆಗೆಯೋಕೆ ಅಂತ ಮೆಷಿನ್ ರೂಮಿಗೆ ಹೋದ್ರೆ ಬಾಗಿಲು ತೆಗೆಯೋಕೇ ಆಗ್ಲಿಲ್ಲ, ಒಳಗಿಂದ ಯಾರೋ ಎಳೆದು ಹಿಡ್ಕೊಂಡಂಗೆ. ನಾನೂ ನಮ್ಮ ಹುಡುಗನೂ ಇಬ್ಬರು ಸೇರಿ ಎಳೆದ್ವಿ, ಬಾಗಿಲು ತೆರೆದ ತಕ್ಷಣ ಹೊರಗಿನ ಗಾಳಿ ರಭಸವಾಗಿ ಒಳಗೆ ನುಗ್ತು. ಆಗ ಶಾರ್ಜಾ ಸರ್ ಬರೆದ ಮೂಗಿನ ಮಾತು ನೆನಪಾಯ್ತು. ಸ್ಟೇಜ್ ಕಡೆ ಓಡಿ ಹೋಗಿ ನೋಡಿದ್ರೆ, ಡೆಕೋರೇಷನ್‌ನವರ ಬ್ಯಾಕ್‌ಡ್ರಾಪ್! 30 ಅಡಿ ಅಗಲದ ಫ್ರೇಮು, ಬಟ್ಟೆ, ಅದರ ಮೇಲೆ ಹೂವು, ಗೋಡೆಗೆ ಒರಗಿಸಿ ಕಟ್ಟಿದ್ದಾರೆ. ಮೂರು ಗ್ರಿಲ್ಲೂ ಅದರ ಹಿಂದೆ. ಬಟ್ಟೆ ಗ್ರಿಲ್‌ಗೆ ಅಂಟ್ಕೊಂಡು ಒಳಗೆ ಗುಳಿ ಬಿದ್ದಿತ್ತು.

ಉಪನಯನಕ್ಕೆ ಎರಡು ಬಾಳೆಕಂಬ, ಮಾವಿನ ತೋರಣ ಅಷ್ಟೇ ಇತ್ತು. ಮೀಟಿಂಗ್‌ಗೆ ಒಂದು ಬ್ಯಾನರ್. ಎರಡು ವರ್ಷ ನಾವು ಜನರ ಮೇಲೆ, ಮೆಷಿನ್ ಮೇಲೆ, ಬಿಸಿಲ ಮೇಲೆ ಹಾಕ್ತಾ ಬಂದ್ವಿ. ತಂದೆಗೆ ತೋರಿಸಿದಾಗ ಬಹಳ ಹೊತ್ತು ಮಾತಾಡ್ಲಿಲ್ಲ.

ಗಾಳಿ_ಲೆಕ್ಕ_ಶಾರ್ಜಾ

ಬಾಗಿಲಿನ ವಿಷಯ ಬರೆದಿದ್ದು ತುಂಬಾ ಒಳ್ಳೇದಾಯ್ತು, ಅದೊಂದೇ ಸಾಕು. ಆ ರೂಮೇ ನಿಮ್ಮ ಮೂರೂ ಮೆಷಿನ್‌ಗಳ ವಾಪಸ್ ಡಕ್ಟ್ ಇದ್ದಂಗೆ. ಬ್ಯಾಕ್‌ಡ್ರಾಪ್ ಗೋಡೆಯಿಂದ 3 ಇಂಚು ಬಿಟ್ಟು ಕಟ್ಟಿದ್ದಾರೆ ಅಂತಲೇ ಅಂದ್ಕೊಂಡ್ರೂ, 12 ಅಡಿ ಎತ್ತರ ಅಂತ ಇಟ್ಕೊಂಡ್ರೆ ಎರಡು ಪಕ್ಕದ ಸಂದಿ ಸೇರಿ 6 ಚದರ ಅಡಿ. ಮೂರು ಮೆಷಿನ್‌ಗೆ ಬೇಕಾದ್ದು 13,200 ಸಿಎಫ್‌ಎಂ. 6 ಚದರ ಅಡಿಲಿ ಅಷ್ಟು ನುಗ್ಗಬೇಕಂದ್ರೆ ನಿಮಿಷಕ್ಕೆ 2200 ಅಡಿ ವೇಗ, ಆ ಫ್ಯಾನ್ ಕೈಲಿ ಅದು ಆಗೋ ಮಾತಲ್ಲ. ಗಾಳಿ ಕಮ್ಮಿ ಆದಾಗ ಕಾಯಿಲ್ ತನ್ನ ತಂಪನ್ನ ಕೊಡೋಕೆ ಯಾರೂ ಇಲ್ದೆ ಸೊನ್ನೆಗಿಂತ ಕೆಳಗಿಳಿದು, ಮೇಲಿನ ನೀರು ಐಸ್ ಆಗುತ್ತೆ, ಐಸ್ ಕಾಯಿಲ್ ಸಂದಿ ಮುಚ್ಚುತ್ತೆ, ಗಾಳಿ ಇನ್ನೂ ಕಮ್ಮಿ ಆಗುತ್ತೆ. ಗ್ಯಾಸ್ ಕಮ್ಮಿ ಇದ್ರೂ ಐಸ್ ಕಟ್ಟುತ್ತೆ, ಅದಕ್ಕೇ ಎರಡನೆಯವರು ಮೋಸ ಹೋಗಿದ್ದು. ಹಾಕ್ಸಿದ ಗ್ಯಾಸ್ ಈಗ ಜಾಸ್ತಿ ಆಗಿರಬಹುದು, ಪ್ರೆಶರ್ ಚೆಕ್ ಮಾಡ್ಸಿ ಸರಿ ಮಾಡಿಸ್ಕೊಳ್ಳಿ.

ರೂಮಿಗೆ ಹಾಲಿನಿಂದ ಗಾಳಿ ಸಿಗದೇ ಇದ್ದಾಗ ಅದು ಟೆರೇಸ್ ಕಡೆ ಪೈಪ್ ತೂತಿಂದ, ಬಾಗಿಲ ಸಂದಿಯಿಂದ ಬಿಸಿ ಗಾಳಿ, ಧೂಳು ಎಳೀತಿತ್ತು. ಆ ತೂತುಗಳನ್ನೂ ಮುಚ್ಚಿಸಿ.

ಗ್ರಿಲ್ ಮುಂದೆ ಡೆಕೋರೇಷನ್ ಕಟ್ಟಬೇಡಿ ಅಂತ ಬೋರ್ಡ್ ಹಾಕಿದ್ರೆ ಆಗಲ್ಲ, ಮದುವೆ ಮನೆಲಿ ಬೋರ್ಡ್ ಯಾರು ಓದ್ತಾರೆ. ಗೋಡೆಯಿಂದ ಎರಡೂವರೆ ಅಡಿ ಮುಂದೆ ಕಬ್ಬಿಣದ ಫ್ರೇಮ್ ನೀವೇ ಪರ್ಮನೆಂಟಾಗಿ ನಿಲ್ಲಿಸಿ, ಬ್ಯಾಕ್‌ಡ್ರಾಪ್ ಅದಕ್ಕೇ ಕಟ್ಟಲಿ. ಪಕ್ಕಗಳಿಂದ 60 ಚದರ ಅಡಿ ದಾರಿ ಸಿಗುತ್ತೆ. ಸ್ಟೇಜ್ ಎಡಬಲದಲ್ಲಿ, ಬಾಗಿಲ ಮೇಲ್ಗಡೆ, ಇನ್ನೆರಡು ಗ್ರಿಲ್ ತೆಗೆಸಿ. ಹೋಮದ ಹೊಗೆ ಈಗ ನೇರ ಹಿಂದಿನ ಗ್ರಿಲ್‌ಗೇ ಹೋಗ್ತಿರುತ್ತೆ, ತುಪ್ಪದ ಮಸಿ ಫಿಲ್ಟರ್ ಮೇಲೆ ಜಿಡ್ಡಾಗಿ ಕೂತಿರುತ್ತೆ, ಒಂದು ಸಲ ತೆಗೆದು ನೋಡಿ.

ತಗಡು_ಹುಬ್ಬಳ್ಳಿ

ಶಾರ್ಜಾ ಸರ್ ಅಂಗೈ ಮಾತು ಮಾಡಿ ನೋಡಿದೆ, ಖರೇ ಐತಿ. ಇಷ್ಟು ವರ್ಷ ಗ್ರಿಲ್ ಎಳಕೊಂಡು ಹೋಗತೈತಿ ಅಂತ ನಾನೂ ಗಿರಾಕಿಗಳಿಗೆ ಹೇಳ್ಕೋಂತ ಬಂದೀನಿ, ಇನ್ನ ಹೇಳಂಗಿಲ್ಲ.

ಅಣ್ಣಾರ, ಈಗ ಗಡಿಬಿಡಿ ಮಾಡಬ್ಯಾಡ್ರಿ. ಫ್ರೇಮ್ ಅಷ್ಟ ಈಗ ನಿಲ್ಲಸ್ರಿ, ಉಳಿದಿದ್ದು ಆಷಾಢಕ್ಕ ಇಟ್ಕೋರಿ. ಒಂದು ತಿಂಗಳು ಮದುವಿ ಇರಂಗಿಲ್ಲ, ಸೀಲಿಂಗ್ ಬಿಚ್ಚಿ ಸಾವಕಾಶ ಮಾಡಬಹುದು. ಬೀಮ್ ಕೆಳಗ ಎತ್ತರ ಸಿಗಂಗಿಲ್ಲ ಅಂದ್ರ ಅಗಲ ಮಾಡಬೇಕು, 44 ಇಂಚು ಅಗಲ 12 ಎತ್ತರ ಹಾಕ್ರಿ, 36 ಇಂಟು 15ಕ್ಕ ಹತ್ರ ಹತ್ರ ಅಷ್ಟ ಜಾಗಾ ಆಕ್ಕತಿ. ಸಣ್ಣದು ದೊಡ್ಡದು ಆಗೋ ಕಡೆ ಒಮ್ಮೆಲೆ ಮೆಟ್ಟಿಲಿನಂಗ ಮಾಡಬಾರದು, ಇಳಿಜಾರಾಗಿ ಬರಬೇಕು. ಹದಿನೆಂಟಕ್ಕೂ ಡ್ಯಾಂಪರ್. ಕ್ಯಾನ್ವಾಸ್. ರಬ್ಬರ್ ಕುಯ್ದ ಕಡೆ ಪ್ಯಾಚ್, ಆಂಗ್ಲ್ ಮತ್ತ ಡಕ್ಟ್ ನಡಕ ರಬ್ಬರ್ ಪಟ್ಟಿ. ಸೀಲಿಂಗ್ ಮ್ಯಾಲ ಇಲಿ ಕಾಟ ಐತೇನು ಅದೂ ನೋಡ್ಕೋರಿ, ಫ್ಲೆಕ್ಸಿಬಲ್ ಹಾಕಿದ್ರ ಇಲಿ ಕಡದು ತೂತು ಮಾಡಿರ್ತಾವ.

ಫೆಸಿಲಿಟಿ_ಬೆಂಗಳೂರು

ಇಷ್ಟೆಲ್ಲಾ ಓದಿ ಒಂದು ಮಾತು ಹೇಳ್ದೆ ಹೋಗೋಕೆ ಮನಸ್ಸಾಗ್ತಿಲ್ಲ. ನಾನು ಬೆಂಗಳೂರಲ್ಲಿ ಒಂದು ಆಫೀಸ್ ಬಿಲ್ಡಿಂಗ್ ಫೆಸಿಲಿಟಿ ನೋಡ್ಕೊಳ್ತೀನಿ. ಎಲ್ಲರೂ ತಂಪಿನ ಬಗ್ಗೆ ಮಾತಾಡಿದ್ರಿ, ಹೊಗೆ ಬಗ್ಗೆ ಯಾರೂ ಹೇಳ್ಲಿಲ್ಲ. ಡಕ್ಟ್ ತಂಪನ್ನ ಹೇಗೆ ಕೊನೇ ಚೇರ್ ತನಕ ಒಯ್ಯುತ್ತೋ ಬೆಂಕಿ ಬಿದ್ರೆ ಹೊಗೆನೂ ಹಾಗೇ ಒಯ್ಯುತ್ತೆ. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಥಿಯೇಟರ್‌ನಲ್ಲಿ ಬೆಂಕಿ ಹತ್ತಿದ್ದು ಕೆಳಗೆ ಪಾರ್ಕಿಂಗ್‌ನ ಟ್ರಾನ್ಸ್‌ಫಾರ್ಮರ್ ಹತ್ರ, ಹೊಗೆ ಮೆಟ್ಟಿಲು ಮತ್ತೆ ಎಸಿ ಡಕ್ಟ್ ಹಿಡಿದು ಬಾಲ್ಕನಿಗೆ ಬಂತು, 59 ಜನ ಸತ್ತರು, ಹೆಚ್ಚಿನವರು ಉಸಿರು ಕಟ್ಟಿ. ಬೆಂಗಳೂರಲ್ಲಿ 2010ರ ಫೆಬ್ರವರಿಲಿ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದ್ರು, ಅಲ್ಲಿ ಹೊಗೆ ತುಂಬಿದ್ದು ಕರೆಂಟ್ ವೈರ್‌ಗಳ ಡಕ್ಟ್‌ನಿಂದ.

ನಿಮ್ಮಲ್ಲಿ ಸ್ಟೇಜ್ ಮೇಲೆ ಹೋಮದ ಬೆಂಕಿ, ಪಕ್ಕದಲ್ಲಿ ಒಣ ಬಟ್ಟೆ ಥರ್ಮೋಕೋಲ್ ಡೆಕೋರೇಷನ್, ಅದರ ಹಿಂದೇ ಮೂರು ಮೆಷಿನ್ ಎಳೀತಾ ಇರೋ ಗ್ರಿಲ್. ಯೋಚನೆ ಮಾಡಿದ್ರೆ ಎದೆ ಝಲ್ ಅನ್ನುತ್ತೆ. ಆಷಾಢದಲ್ಲಿ ಸೀಲಿಂಗ್ ಬಿಚ್ಚುವಾಗಲೇ, ಮೆಷಿನ್ ರೂಮ್ ಗೋಡೆ ದಾಟೋ ಕಡೆ ಮೂರು ಡಕ್ಟಿಗೂ ಫೈರ್ ಡ್ಯಾಂಪರ್, ಅಂದ್ರೆ ಬೆಂಕಿ ಬಿದ್ರೆ ಡಕ್ಟ್ ಮುಚ್ಚೋ ಬಾಗಿಲು, ಹಾಕ್ಸಿ. ಅದರಲ್ಲಿ ಒಂದು ಸಣ್ಣ ಲೋಹದ ಕೊಂಡಿ ಇರುತ್ತೆ, ಸುಮಾರು 72 ಡಿಗ್ರಿಗೆ ಕರಗಿ ಬಾಗಿಲು ತಾನೇ ಬೀಳುತ್ತೆ. ಆದ್ರೆ ತಣ್ಣನೆ ಹೊಗೆ ಬಂದ್ರೆ ಕೊಂಡಿ ಕರಗಲ್ಲ, ಅದಕ್ಕೆ ಮೆಷಿನ್ ರೂಮಲ್ಲಿ ಸ್ಮೋಕ್ ಡಿಟೆಕ್ಟರ್ ಇಟ್ಟು, ಅದು ಕೂಗಿದ ಕೂಡಲೇ ಮೂರೂ ಮೆಷಿನ್ ನಿಲ್ಲೋ ಹಾಗೆ ವೈರಿಂಗ್ ಮಾಡ್ಸಿ. ಮೆಷಿನ್ ನಿಲ್ಲಿಸೋ ಸ್ವಿಚ್ ಎಲ್ಲಿದೆ ಅಂತ ನಿಮ್ಮ ವಾಚ್‌ಮನ್‌ಗೂ ಗೊತ್ತಿರಲಿ.

ಮಂಟಪ_ದಾವಣಗೆರೆ

ಶ್ರಾವಣ ಬಂತು, ಅಪ್ಡೇಟ್ ಹಾಕ್ತೀನಿ ಅಂದಿದ್ದೆ. ಫ್ರೇಮ್ ಅವಾಗಲೇ ನಿಲ್ಲಿಸಿದ್ವಿ, ಒಂದೇ ವಾರಕ್ಕೆ ಐಸ್ ಹೋಯ್ತು. ಡೆಕೋರೇಷನ್‌ನವರು ಮೊದಲು ಜಗಳ ಆಡಿದ್ರು, ಸ್ಟೇಜ್ ಚಿಕ್ಕದಾಯ್ತು ಅಂತ. ಆಮೇಲೆ ಫ್ರೇಮ್ ಸಿದ್ಧ ಇರೋದ್ರಿಂದ ಕೆಲಸ ಬೇಗ ಆಗುತ್ತೆ ಅಂತ ಅವರೇ ಒಪ್ಕೊಂಡ್ರು.

ಆಷಾಢದಲ್ಲಿ ಬೀಮ್ ಕೆಳಗಿನ ಮೂರು ತುಂಡೂ ಬದಲಾಯಿಸಿದ್ವಿ, ಬುಸ್ ಸದ್ದು ಪೂರ್ತಿ ನಿಂತಿದೆ. ಡ್ಯಾಂಪರ್ ಹಾಕಿ ಬ್ಯಾಲೆನ್ಸಿಂಗ್ ಮಾಡೋಕೆ ಎರಡು ದಿನ ಹಿಡೀತು, ಒಂದು ಮುಚ್ಚಿದ್ರೆ ಇನ್ನೊಂದು ಬದಲಾಗುತ್ತೆ, ಮತ್ತೆ ಮೊದಲಿಂದ. ಫಿಲ್ಟರ್ ತೆಗೆದ್ರೆ ಸರ್ ಹೇಳಿದಂಗೆ ಕಪ್ಪು ಜಿಡ್ಡು, ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಸಬೇಕಾಯ್ತು. ಗ್ಯಾಸ್ ಜಾಸ್ತಿನೇ ಇತ್ತು, ಸರಿ ಮಾಡ್ಸಿದ್ವಿ. ಮೊನ್ನೆ ಮದುವೆಲಿ 300 ಜನ, ಪೂರ್ತಿ ಬ್ಯಾಕ್‌ಡ್ರಾಪ್. ಮುಂದಿನ ಸಾಲು 23, ಕೊನೇ ಸಾಲು 25. ಗ್ರಿಲ್ ಮತ್ತೆ ಡಿಫ್ಯೂಸರ್ ವ್ಯತ್ಯಾಸ 11. ನಾಲ್ಕನೇ ಮೆಷಿನ್ ಕೊಟೇಶನ್ ತಂದೆ ಹರಿದು ಹಾಕಿದ್ರು.

ಗಾಳಿ_ಲೆಕ್ಕ_ಶಾರ್ಜಾ

ಓದಿ ತುಂಬಾ ಖುಷಿ ಆಯ್ತು. ಆದ್ರೆ ಈಗ ಮೋಡ ಇದೆ, ಟೆರೇಸ್ ಕಾಯ್ತಿಲ್ಲ. ನಿಜವಾದ ಪರೀಕ್ಷೆ ಏಪ್ರಿಲ್ ಮೇನಲ್ಲಿ, ಆಗ ಮುಂದಿನ ಸಾಲು, ಕೊನೇ ಸಾಲು, ಗ್ರಿಲ್, ಡಿಫ್ಯೂಸರ್, ಇದೇ ನಾಲ್ಕು ರೀಡಿಂಗ್ ತಗೊಂಡು ಇಲ್ಲೇ ಹಾಕಿ. ಕೊನೇ ಸಾಲು 26 ಒಳಗೆ ನಿಂತ್ರೆ ಗೆದ್ರಿ. ದಾಟಿದ್ರೆ ಆಗಲೂ ಮೆಷಿನ್‌ಗೆ ಹೋಗಬೇಡಿ, ಮೊದಲು ಟೆರೇಸ್‌ಗೆ ಬಿಳಿ ಕೋಟಿಂಗ್ ಹೊಡೆಸಿ ನೋಡಿ.

ತಗಡು_ಹುಬ್ಬಳ್ಳಿ

ಡ್ಯಾಂಪರ್ ಹ್ಯಾಂಡಲ್ ಎಲ್ಲಿ ನಿಂತೈತೋ ಅಲ್ಲೇ ಕೆಂಪು ಪೇಂಟಿಲೆ ಗೆರಿ ಹೊಡೀರಿ ಅಣ್ಣಾರ. ನಾಳೆ ಲೈಟಿನಾಂವ ಯಾವನರ ಮ್ಯಾಲ ಹತ್ತಿ ಕೈ ಹಚ್ಚಿ ತಿರುವಿದ್ರ ಮತ್ತ ಎರಡು ದಿನದ ಕೆಲಸ.

ಫೆಸಿಲಿಟಿ_ಬೆಂಗಳೂರು

ಫೈರ್ ಡ್ಯಾಂಪರ್ ಬಗ್ಗೆ ಏನೂ ಬರೀಲಿಲ್ಲ?

ಮಂಟಪ_ದಾವಣಗೆರೆ

ಹಾಕ್ಸಿದ್ವಿ ಮೇಡಂ, ಮೂರಕ್ಕೂ. ಸ್ಮೋಕ್ ಡಿಟೆಕ್ಟರ್ ಇಟ್ಟು ಊದಿನಕಡ್ಡಿ ಕಟ್ಟು ಹಚ್ಚಿ ಪರೀಕ್ಷೆ ಮಾಡಿದ್ವಿ, ಮೂರೂ ಮೆಷಿನ್ ನಿಂತ್ವು. ಹೋಮ ಇದ್ದಾಗ ಸುಮ್ಸುಮ್ನೆ ಕೂಗುತ್ತೇನೋ ಅಂತ ಭಯ ಇತ್ತು, ಅದಕ್ಕೆ ಹೋಮ ಮುಗಿಯೋ ತನಕ ನಾವೇ ಎಸಿ ಆಫ್ ಮಾಡ್ತೀವಿ ಅಂತ ಬುಕಿಂಗ್ ಟೈಮಲ್ಲೇ ಹೇಳ್ತಿದ್ದೀವಿ, ಅದನ್ನ ರಸೀದಿ ಹಿಂದೆ ಪ್ರಿಂಟೂ ಮಾಡ್ಸಿದ್ವಿ. ಹುಬ್ಬಳ್ಳಿ ಅಣ್ಣಾ, ಕೆಂಪು ಗೆರೆ ಇವತ್ತು ಸಂಜೆನೇ ಹೊಡಿತೀನಿ.